ಬೆಟ್ಟದ ಬುಡದಿಂದ ಕಂಡ ಸರ್ಕಾರ

ವಾಣಿಜ್ಯ ಸಂಸ್ಥೆಯ ನಿಯೋಗವೊಂದು ಸಚಿವರನ್ನು ಕಾಣುವ ಕ್ರಮ ಎಲ್ಲ ವರ್ತಕರಿಗೂ ಪರಿಚಿತವಾದುದು. ಮನವಿಪತ್ರವನ್ನು ಟೈಪು ಮಾಡಿಸಿ, ಸದಸ್ಯರ ಸಹಿ ಪಡೆದು, ಹಾರ, ಶಾಲು ಮತ್ತು ಹಣ್ಣಿನ ಬುಟ್ಟಿಯೊಂದಿಗೆ ನಿಯೋಗ ಹೊರಡುತ್ತದೆ. ಗೊತ್ತುಪಡಿಸಿದ ವೇಳೆಗಿಂತ ಎರಡು ಗಂಟೆ ತಡವಾಗಿ ಬಾಗಿಲು ತೆರೆಯುತ್ತದೆ. ಸಚಿವರು ಮನವಿಯ ಮೊದಲ ಪುಟದ ಮೇಲೆ ಕಣ್ಣಾಡಿಸಿ, ಅಂಚಿನಲ್ಲಿ ಒಂದು ಸಾಲು ಬರೆದು, ಆಪ್ತ ಸಹಾಯಕರ ಕೈಗೆ ಕೊಟ್ಟು, 'ಪರಿಶೀಲಿಸೋಣ' ಎನ್ನುತ್ತಾರೆ. ಛಾಯಾಚಿತ್ರ ತೆಗೆಯಲಾಗುತ್ತದೆ. ನಿಯೋಗ ಸಂತೋಷದಿಂದ ಮರಳುತ್ತದೆ. ಆರು ತಿಂಗಳ ಅನಂತರ ಅದೇ ಮನವಿಯನ್ನು ಹೊಸ ದಿನಾಂಕದೊಂದಿಗೆ ಮತ್ತೊಮ್ಮೆ ಟೈಪು ಮಾಡಿಸಬೇಕಾಗುತ್ತದೆ.

ಆ ಕಾಗದ ಹೋದದ್ದೆಲ್ಲಿಗೆ? ಸಚಿವರಿಗೆ ಇಚ್ಛೆಯಿರಲಿಲ್ಲವೇ, ಅಥವಾ ಇಚ್ಛೆಯಿದ್ದರೂ ಅಧಿಕಾರವಿರಲಿಲ್ಲವೇ? ಮೇಜಿನ ಈಚೆ ಕುಳಿತವರಿಗೆ ಇದರ ಉತ್ತರ ದೊರೆಯುವುದು ವಿರಳ. ಮೇಜಿನ ಆಚೆ ಕುಳಿತವರು ಸಾಮಾನ್ಯವಾಗಿ ಬಾಯಿಬಿಡುವುದಿಲ್ಲ. ಬಾಯಿಬಿಟ್ಟರೂ ತಮ್ಮ ಸಾಧನೆಗಳನ್ನು ಮಾತ್ರ ಹೇಳುತ್ತಾರೆ. ಆದರೆ ಬ್ರಿಟನ್ನಿನ ಇಬ್ಬರು ಕಿರಿಯ ಸಚಿವರು ತಮ್ಮ ಪ್ರತಿದಿನದ ಅನುಭವವನ್ನು ಯಾವ ಮುಚ್ಚುಮರೆಯೂ ಇಲ್ಲದೆ ಬರೆದಿಟ್ಟು ಪ್ರಕಟಿಸಿದ್ದಾರೆ. ಒಬ್ಬರು ಲೇಬರ್ ಪಕ್ಷದ ಕ್ರಿಸ್ ಮುಲಿನ್, ಮತ್ತೊಬ್ಬರು ಕನ್ಸರ್ವೇಟಿವ್ ಪಕ್ಷದ ಅಲನ್ ಕ್ಲಾರ್ಕ್. ಮೊದಲನೆಯವರ ದಿನಚರಿ ನಗು ತರಿಸುತ್ತದೆ. ಎರಡನೆಯವರು ಉದ್ಯಮಿಗಳೊಡನೆ ಆಡಿದ ಒಂದು ಮಾತಿನ ಕಥೆ ನಗುವನ್ನು ನಿಲ್ಲಿಸುತ್ತದೆ. ಎರಡೂ ಸೇರಿ, ಸರ್ಕಾರದೊಡನೆ ವ್ಯವಹರಿಸುವ ಯಾವುದೇ ದೇಶದ ವರ್ತಕರಿಗೆ ಉಪಯುಕ್ತವಾದ ಪಾಠವನ್ನು ಹೇಳುತ್ತವೆ.

ಏಣಿಯ ಕೊನೆಯ ಮೆಟ್ಟಿಲು

ಬ್ರಿಟನ್ನಿನ ದೊಡ್ಡ ಇಲಾಖೆಗಳಲ್ಲಿ ಸಚಿವರಿಗೆ ಮೂರು ದರ್ಜೆಗಳಿವೆ. ಇಲಾಖೆಯ ಒಡೆತನ ಸಂಪುಟದಲ್ಲಿ ಕುಳಿತುಕೊಳ್ಳುವ ಸೆಕ್ರೆಟರಿ ಆಫ್ ಸ್ಟೇಟ್ ಅವರದು. ಅವರ ಕೆಳಗೆ ಮಿನಿಸ್ಟರ್ ಆಫ್ ಸ್ಟೇಟ್ ಇರುತ್ತಾರೆ. ಅವರಿಗೂ ಕೆಳಗೆ, ಏಣಿಯ ಕೊನೆಯ ಮೆಟ್ಟಿಲಿನಲ್ಲಿ ಪಾರ್ಲಿಮೆಂಟರಿ ಅಂಡರ್ ಸೆಕ್ರೆಟರಿ. ಇವರೂ ಸಚಿವರೇ, ಇವರಿಗೂ ಕಚೇರಿ, ಕಾರು, ಆಪ್ತ ಸಿಬ್ಬಂದಿ ಉಂಟು. ಆದರೆ ಸಂಪುಟದ ಸಭೆಗೆ ಇವರಿಗೆ ಕರೆಯಿಲ್ಲ, ಬೊಕ್ಕಸದ ಬೀಗದ ಕೈಯೂ ಇವರಲ್ಲಿರುವುದಿಲ್ಲ.

ಈ ಕೊನೆಯ ಮೆಟ್ಟಿಲಿನಲ್ಲಿ ಅಷ್ಟು ಜನರಿಗೆ ಕೆಲಸವಿದೆಯೇ ಎಂಬ ಪ್ರಶ್ನೆ ಅಲ್ಲಿಯೂ ಹಳೆಯದೇ. ಕೆಳಮನೆಯಲ್ಲಿ 95ಕ್ಕಿಂತ ಹೆಚ್ಚು ಸಚಿವರು ಇರಕೂಡದೆಂದು 1975ರ ಶಾಸನವೊಂದು ಮಿತಿ ಹಾಕಬೇಕಾಯಿತು. ಸಚಿವನಾದವನು ಸರ್ಕಾರದ ಪರವಾಗಿಯೇ ಮತ ಹಾಕಬೇಕು, ಇಲ್ಲವಾದರೆ ರಾಜೀನಾಮೆ ಕೊಡಬೇಕು. ಆದ್ದರಿಂದ ಪ್ರಧಾನಿಗಳ ದೃಷ್ಟಿಯಲ್ಲಿ ಪ್ರತಿಯೊಂದು ಕಿರಿಯ ಹುದ್ದೆಯೂ ಒಂದು ಖಚಿತವಾದ ಮತ. ಹುದ್ದೆಯ ಆಸೆಯಿಂದ ಕಾಯುತ್ತಿರುವ ಇನ್ನೂ ಹತ್ತು ಸದಸ್ಯರ ವಿಧೇಯತೆ ಅದರ ಮೇಲಿನ ಬಡ್ಡಿ.

ಕ್ರಿಸ್ ಮುಲಿನ್ ಈ ಮೆಟ್ಟಿಲನ್ನು ಏರಿದ್ದು 1999ರ ಜುಲೈ ತಿಂಗಳಿನಲ್ಲಿ. ಅದಕ್ಕೆ ಮೊದಲೇ ಅವರು ಹೆಸರುವಾಸಿಯಾಗಿದ್ದರು. ಪತ್ರಕರ್ತರಾಗಿದ್ದ ಅವರು, 1974ರ ಬರ್ಮಿಂಗ್‌ಹ್ಯಾಮ್ ಬಾಂಬ್ ಸ್ಫೋಟದ ಮೊಕದ್ದಮೆಯಲ್ಲಿ ತಪ್ಪಾಗಿ ಶಿಕ್ಷೆಗೊಳಗಾಗಿದ್ದ ಆರು ಮಂದಿಯ ಬಿಡುಗಡೆಗಾಗಿ ವರ್ಷಗಟ್ಟಲೆ ಹೋರಾಡಿದವರು. ಆ ಆರು ಮಂದಿ 1991ರಲ್ಲಿ ಬಿಡುಗಡೆಯಾದರು. 1982ರಲ್ಲಿ ಅವರು ಬರೆದ 'ಎ ವೆರಿ ಬ್ರಿಟಿಷ್ ಕೂ' ಎಂಬ ಕಾದಂಬರಿಯಲ್ಲಿ, ಜನರಿಂದ ಚುನಾಯಿತನಾದ ಪ್ರಧಾನಿಯೊಬ್ಬನನ್ನು ಅಧಿಕಾರಿಗಳು, ಪತ್ರಿಕೆಗಳ ಒಡೆಯರು ಮತ್ತು ಗೂಢಚಾರರು ಸೇರಿ ಮಣಿಸುವ ಕಥೆಯಿದೆ. 1987ರಿಂದ 2010ರವರೆಗೆ ಸಂಡರ್‌ಲೆಂಡ್ ಸೌತ್ ಕ್ಷೇತ್ರದ ಸದಸ್ಯರಾಗಿದ್ದ ಅವರು, ಗೃಹ ವ್ಯವಹಾರಗಳ ಸಂಸದೀಯ ಸಮಿತಿಯ ಅಧ್ಯಕ್ಷರಾಗಿದ್ದಾಗ ಗೃಹ ಸಚಿವರನ್ನೇ ಎದುರು ಕೂಡಿಸಿಕೊಂಡು ಪ್ರಶ್ನಿಸುವ ಅಧಿಕಾರ ಪಡೆದಿದ್ದರು.

ಅಂತಹ ಸ್ಥಾನವನ್ನು ಬಿಟ್ಟು, ಪ್ರಧಾನಿ ಟೋನಿ ಬ್ಲೇರ್ ಅವರ ಕರೆಗೆ ಓಗೊಟ್ಟು, ಜಾನ್ ಪ್ರೆಸ್ಕಾಟ್ ಅವರ ಪರಿಸರ, ಸಾರಿಗೆ ಮತ್ತು ಪ್ರಾದೇಶಿಕ ಇಲಾಖೆಯಲ್ಲಿ ಅತಿ ಕಿರಿಯ ಸಚಿವರಾದರು. ಒಪ್ಪಿಕೊಂಡ ಗಳಿಗೆಯಿಂದಲೇ ಅವರಿಗೆ ಅನುಮಾನ. ಸಮಿತಿಯ ಅಧ್ಯಕ್ಷನಾಗಿ ತನಗಿದ್ದ ಪ್ರಭಾವದಲ್ಲಿ ಎಷ್ಟು ಭಾಗ ಸಚಿವನಾದ ಮೇಲೆ ಉಳಿದಿದೆ ಎಂಬ ಲೆಕ್ಕಾಚಾರ ಅವರ ದಿನಚರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. 2009ರಲ್ಲಿ ಅದು ಪುಸ್ತಕವಾದಾಗ ಅವರಿಟ್ಟ ಹೆಸರು 'ಎ ವ್ಯೂ ಫ್ರಮ್ ದ ಫುಟ್‌ಹಿಲ್ಸ್', ಎಂದರೆ ಬೆಟ್ಟದ ಬುಡದಿಂದ ಕಂಡ ನೋಟ. ಶಿಖರದಲ್ಲಿದ್ದವರ ಆತ್ಮಕಥೆಗಳು ಅನೇಕ ಬಂದಿವೆ. ಬುಡದಲ್ಲಿ ನಿಂತು ಮೇಲೆ ನೋಡಿದವನ ಮಾತು ಅಪರೂಪವಾದ್ದರಿಂದಲೇ ಈ ಪುಸ್ತಕ ಅಲ್ಲಿ ಬಹಳ ಜನಪ್ರಿಯವಾಯಿತು.

ಆಹ್ವಾನಗಳ ಇಳಿಜಾರು

ಕಿರಿಯ ಸಚಿವರ ದಿನವನ್ನು ತುಂಬುವುದು ದೊಡ್ಡವರು ಒಲ್ಲೆನೆಂದ ಕೆಲಸಗಳು. ಒಂದು ಸಂಘ ತನ್ನ ವಾರ್ಷಿಕ ಸಮ್ಮೇಳನಕ್ಕೆ ಇಲಾಖೆಯ ಹಿರಿಯ ಸಚಿವರನ್ನು ಕರೆಯುತ್ತದೆ. ಅವರಿಗೆ ಬಿಡುವಿಲ್ಲ. ಆಹ್ವಾನಪತ್ರ ಎರಡನೆಯ ದರ್ಜೆಯವರ ಮೇಜಿಗೆ ಇಳಿಯುತ್ತದೆ. ಅವರಿಗೂ ಬಿಡುವಿಲ್ಲ. ಕೊನೆಗೆ ಅದು ಬುಡದಲ್ಲಿರುವವರ ಬಳಿ ಬಂದು ನಿಲ್ಲುತ್ತದೆ, ಏಕೆಂದರೆ ಅಲ್ಲಿಂದ ಕೆಳಗೆ ಇಳಿಯಲು ಜಾಗವಿಲ್ಲ. ಹೀಗೆ ಬಂದ ಒಂದು ಕಾಗದದ ಮೇಲೆ, ಇದು ಬಹಳ ಕಡಿಮೆ ಮಹತ್ವದ್ದು, ಮುಲಿನ್ ಅವರಿಗೆ ಕಳುಹಿಸಬಹುದೇನೋ ಎಂಬರ್ಥದ ಟಿಪ್ಪಣಿ ಇದ್ದುದನ್ನು ಅವರೇ ಕಂಡು ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಬೇರೆಯವರಾಗಿದ್ದರೆ ಆ ಕಾಗದವನ್ನು ಹರಿದು ಹಾಕುತ್ತಿದ್ದರು.

ಸಮ್ಮೇಳನದಲ್ಲಿ ಓದಬೇಕಾದ ಭಾಷಣವನ್ನು ಬರೆಯುವವರು ಅಧಿಕಾರಿಗಳು. ಯಾವ ವಾಕ್ಯವೂ ಯಾವ ಭರವಸೆಯನ್ನೂ ಕೊಡದಂತೆ ಎಚ್ಚರ ವಹಿಸಿ ಬರೆದ ಭಾಷಣಗಳು ಅವು. ಅಲನ್ ಕ್ಲಾರ್ಕ್ ಅವರಿಗೆ ಈ ಕೆಲಸ ಎಷ್ಟು ಬೇಸರ ತರಿಸಿತ್ತೆಂಬುದಕ್ಕೆ ಒಂದು ಪ್ರಸಂಗವಿದೆ. 1983ರ ಜುಲೈನಲ್ಲಿ ಉದ್ಯೋಗ ಇಲಾಖೆಯ ಕಿರಿಯ ಸಚಿವರಾಗಿದ್ದ ಅವರು, ದ್ರಾಕ್ಷಾರಸ ಸವಿಯುವ ಕೂಟವೊಂದನ್ನು ಮುಗಿಸಿಕೊಂಡು ರಾತ್ರಿ ಸದನಕ್ಕೆ ಬಂದು, ಸಮಾನ ವೇತನಕ್ಕೆ ಸಂಬಂಧಿಸಿದ ನಿಯಮಗಳ ಮೇಲೆ, ತಾವು ಮೊದಲೇ ಓದಿರದ ಭಾಷಣವನ್ನು ಓದತೊಡಗಿದರು. ಓದುವ ವೇಗ ಹೆಚ್ಚಿತು, ಅರ್ಥ ಕರಗಿತು. ಆಗ ತಾನೇ ಆಯ್ಕೆಯಾಗಿ ಬಂದಿದ್ದ ಸದಸ್ಯೆ ಕ್ಲೇರ್ ಶಾರ್ಟ್ ಎದ್ದು ನಿಂತು, ಸಚಿವರು ಕುಡಿದು ಬಂದಿದ್ದಾರೆಂದು ಸದನದ ನಿಯಮಕ್ಕೆ ಹೊಂದುವ ಮಾತುಗಳಲ್ಲಿ ಸೂಚಿಸಿದಾಗ ಗದ್ದಲವೆದ್ದಿತು. 1993ರಲ್ಲಿ ಪ್ರಕಟವಾದ ತಮ್ಮ ದಿನಚರಿಯಲ್ಲಿ ಕ್ಲಾರ್ಕ್ ಆ ಕೂಟದ ವಿಷಯವನ್ನು ಒಪ್ಪಿಕೊಂಡರು. ಮುಂದೆ ಅದೇ ಕ್ಲೇರ್ ಶಾರ್ಟ್ ಸಂಪುಟ ಸಚಿವೆಯಾಗಿ, 2001ರಲ್ಲಿ ಮುಲಿನ್ ಅವರಿಗೆ ಮೇಲಧಿಕಾರಿಯಾದರು.

ಕಾರು ಯಾರಿಗೆ?

ಮುಲಿನ್ ಮಿತವ್ಯಯಿ. ಅವರ ಮನೆಯಲ್ಲಿ ಬಹುಕಾಲ ಇದ್ದುದು ಕಪ್ಪು-ಬಿಳುಪಿನ ಟೆಲಿವಿಷನ್. 2009ರಲ್ಲಿ ಸಂಸತ್ ಸದಸ್ಯರ ಖರ್ಚುವೆಚ್ಚಗಳ ಹಗರಣ ಹೊರಬಿದ್ದು, ಇತರರು ಭಾರಿ ಬಿಲ್ಲುಗಳಿಗೆ ಉತ್ತರ ಹೇಳುತ್ತಿದ್ದಾಗ, ಇವರ ಲೆಕ್ಕದಲ್ಲಿ ಕಂಡದ್ದು ಆ ಕಪ್ಪು-ಬಿಳುಪಿನ ಪೆಟ್ಟಿಗೆಯ ಲೈಸೆನ್ಸ್ ಶುಲ್ಕ!

ಸಚಿವರಾದ ಮೊದಲ ದಿನಗಳಲ್ಲಿಯೇ ಅವರು ತಮಗೆ ಸರ್ಕಾರಿ ಕಾರು ಬೇಡವೆಂದರು. ಬಸ್ಸಿನಲ್ಲಿ ಹೋಗಿಬರುವುದು ಅವರಿಗೆ ರೂಢಿಯಾಗಿತ್ತು. ಕಾರು ಕೊಡಿಸಿಕೊಳ್ಳುವುದಕ್ಕಿಂತ ಕಾರನ್ನು ತಪ್ಪಿಸಿಕೊಳ್ಳುವುದು ಕಷ್ಟವೆಂಬುದು ಆಗ ಅವರಿಗೆ ತಿಳಿಯಿತು. ಸಂಜೆ ಮನೆಗೆ ಕೊಂಡೊಯ್ಯಬೇಕಾದ ಕಡತಗಳ ಕೆಂಪು ಪೆಟ್ಟಿಗೆಗೆ ಭದ್ರತೆ ಬೇಕು, ಭದ್ರತೆಗೆ ಕಾರು ಬೇಕು. ಸಚಿವರು ಬಸ್ಸಿನಲ್ಲಿಯೇ ಹೋಗಲಿ, ಪೆಟ್ಟಿಗೆ ಮಾತ್ರ ಕಾರಿನಲ್ಲಿ ಹೋಗಬೇಕು! ಆ ಏರ್ಪಾಟಿನ ಸುತ್ತ ಇಲಾಖೆಯ ಲೆಕ್ಕ, ಚಾಲಕರ ಓವರ್‌ಟೈಮ್ ಎಲ್ಲವೂ ಹೆಣೆದುಕೊಂಡಿದ್ದವು.

ಕಾರಿನ ವಿಷಯ ಸಣ್ಣದು. ಆದರೆ ಅದು ತೋರಿಸುವ ಸಂಗತಿ ಉದ್ದಿಮೆದಾರರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದು ಕಾರ್ಖಾನೆಯಲ್ಲಿ ಮಾಲೀಕರು ಒಂದು ಖರ್ಚು ಬೇಡವೆಂದರೆ ಮರುದಿನ ಆ ಖರ್ಚು ನಿಲ್ಲುತ್ತದೆ. ಇಲಾಖೆಯಲ್ಲಿ ಸಚಿವರು ಬೇಡವೆಂದರೂ ಪದ್ಧತಿ ಬೇಕೆನ್ನುತ್ತದೆ. ತನ್ನ ಸ್ವಂತ ಕಾರನ್ನೇ ನಿಲ್ಲಿಸಲು ಹೆಣಗಬೇಕಾದವರು ಒಂದು ಉದ್ಯಮದ ತೆರಿಗೆಯನ್ನು ಒಂದು ಭೇಟಿಯಲ್ಲಿ ಇಳಿಸಬಲ್ಲರೇ?

ಕುರ್ಚಿಗಳ ಬದಲಾವಣೆ

ಮುಲಿನ್ ಆರು ವರ್ಷಗಳಲ್ಲಿ ಮೂರು ಹುದ್ದೆಗಳನ್ನು ಕಂಡರು. ಪ್ರೆಸ್ಕಾಟ್ ಅವರ ಇಲಾಖೆಯಲ್ಲಿ ಸುಮಾರು ಹದಿನೆಂಟು ತಿಂಗಳು. ಅಂತಾರಾಷ್ಟ್ರೀಯ ಅಭಿವೃದ್ಧಿ ಇಲಾಖೆಯಲ್ಲಿ 2001ರ ಜನವರಿಯಿಂದ ಜೂನ್‌ವರೆಗೆ ಕೆಲವೇ ತಿಂಗಳು. ಚುನಾವಣೆಯ ಅನಂತರ ಅವರು ಮತ್ತೆ ಗೃಹ ವ್ಯವಹಾರಗಳ ಸಮಿತಿಯ ಅಧ್ಯಕ್ಷತೆಗೆ ಮರಳಿದರು. 2003ರ ಮಾರ್ಚ್‌ನಲ್ಲಿ ಇರಾಕ್ ಯುದ್ಧದ ವಿರುದ್ಧ ಮತ ಹಾಕಿದರು. ಹಾಗಿದ್ದರೂ ಅದೇ ವರ್ಷದ ಜೂನ್‌ನಲ್ಲಿ ಬ್ಲೇರ್ ಅವರನ್ನು ಕರೆದು ವಿದೇಶಾಂಗ ಇಲಾಖೆಯಲ್ಲಿ ಆಫ್ರಿಕಾ ವ್ಯವಹಾರಗಳ ಸಚಿವರನ್ನಾಗಿ ಮಾಡಿದರು. ಆ ಕೆಲಸವನ್ನು ಮುಲಿನ್ ಮನಸಾರೆ ಇಷ್ಟಪಟ್ಟರು. ಸುಡಾನಿನ ದಾರ್ಫುರ್ ದುರಂತ ಅವರ ಕಾಲದಲ್ಲಿಯೇ ನಡೆದದ್ದು. 2005ರ ಮೇ ತಿಂಗಳ ಚುನಾವಣೆಯ ಅನಂತರ ಅವರನ್ನು ಕೈಬಿಡಲಾಯಿತು.

ಒಬ್ಬ ಫೋರ್‌ಮನ್‌ಗೆ ತನ್ನ ಶೆಡ್ಡಿನ ಯಂತ್ರಗಳ ಗುಣ ತಿಳಿಯಲು ಒಂದು ವರ್ಷವಾದರೂ ಬೇಕು. ಕಿರಿಯ ಸಚಿವರಿಗೆ ಅಷ್ಟು ಕಾಲ ದೊರೆಯುವುದು ಅದೃಷ್ಟದ ಮಾತು. ಸಚಿವರು ಬಂದು ಹೋಗುತ್ತಿದ್ದಂತೆ, ವಿಷಯ ತಿಳಿದ ಅಧಿಕಾರಿಗಳು ಅಲ್ಲಿಯೇ ಇರುತ್ತಾರೆ. ಇಲಾಖೆಯ ನೆನಪು ಅವರಲ್ಲಿರುತ್ತದೆ. 'ದೇವರು ವರ ಕೊಟ್ಟರೂ ಪೂಜಾರಿ ಕೊಡ' ಎಂಬ ನಮ್ಮ ಗಾದೆಗೆ ಲಂಡನ್ನಿನಲ್ಲಿಯೂ ಅರ್ಥವಿದೆ.

ಇದನ್ನು ಮೊದಲೇ ಬಲ್ಲವರೊಬ್ಬರು ಜೆರಾಲ್ಡ್ ಕೌಫ್‌ಮನ್. 1970ರ ದಶಕದಲ್ಲಿ ಕೈಗಾರಿಕಾ ಇಲಾಖೆಯೂ ಸೇರಿದಂತೆ ಕಿರಿಯ ಸಚಿವರಾಗಿದ್ದ ಅವರು, 1980ರಲ್ಲಿ ಸಚಿವರಾಗುವುದು ಹೇಗೆಂಬ ವಿನೋದಭರಿತ ಕೈಪಿಡಿಯನ್ನೇ ಬರೆದರು. ಸಚಿವನು ತಾನು ಇಡೀ ಸರ್ಕಾರದ ಸದಸ್ಯನೆಂಬುದನ್ನು ಮರೆತು ತನ್ನ ಇಲಾಖೆಯ ವಕೀಲನಾಗಿ ಬಿಡುವುದನ್ನು ಅವರು ಒಂದು ಕಾಯಿಲೆಯೆಂದೇ ವರ್ಣಿಸಿದರು. ಅದೇ ವರ್ಷ ಬಿ.ಬಿ.ಸಿ.ಯಲ್ಲಿ ಆರಂಭವಾದ 'ಯೆಸ್ ಮಿನಿಸ್ಟರ್' ಧಾರಾವಾಹಿ ಇದೇ ಸಂಗತಿಯನ್ನು ನಗೆಯಾಗಿಸಿತು. 2001ರಲ್ಲಿ ಅದು 'ಜೀ ಮಂತ್ರೀಜಿ' ಎಂಬ ಹೆಸರಿನಲ್ಲಿ ಹಿಂದಿಗೆ ಬಂದಾಗ, ಭಾರತದ ಪ್ರೇಕ್ಷಕರಿಗೆ ಅದು ಪರದೇಶದ ಕಥೆಯೆಂದು ಅನ್ನಿಸಲಿಲ್ಲ.

ಬೇಲಿಯೊಂದರ ಆರು ವರ್ಷ

ಹಾಗಾದರೆ ಕಿರಿಯ ಸಚಿವರಿಂದ ಏನೂ ಆಗುವುದಿಲ್ಲವೇ? ಆಗುತ್ತದೆ ಎಂಬುದಕ್ಕೆ ಮುಲಿನ್ ಅವರ ದಿನಚರಿಯಲ್ಲಿ ಒಂದು ಬೇಲಿಯ ಕಥೆಯಿದೆ.

ಇಂಗ್ಲೆಂಡಿನ ಮನೆಗಳ ಹಿತ್ತಲಿನಲ್ಲಿ ಲೇಲ್ಯಾಂಡಿ ಎಂಬ ನಿತ್ಯಹಸಿರು ಮರವನ್ನು ಬೇಲಿಯಾಗಿ ಬೆಳೆಸುವ ರೂಢಿಯಿದೆ. ವರ್ಷಕ್ಕೆ ಸುಮಾರು ಒಂದು ಮೀಟರ್ ಎತ್ತರ ಬೆಳೆಯುವ ಈ ಮರಗಳು, ಕತ್ತರಿಸದೆ ಬಿಟ್ಟರೆ ನೆರೆಮನೆಯ ಬಿಸಿಲನ್ನೆಲ್ಲ ನುಂಗುತ್ತವೆ. ನೆರೆಯವರಿಗೆ ಯಾವ ಕಾನೂನಿನ ಪರಿಹಾರವೂ ಇರಲಿಲ್ಲ. ಜಗಳಗಳು ಕೈಕೈ ಮಿಲಾಯಿಸುವವರೆಗೆ ಹೋಗುತ್ತಿದ್ದವು. ದೊಡ್ಡ ಸಚಿವರಿಗೆ ಇದು ನಗುವ ವಿಷಯ. ಬಿಸಿಲಿಲ್ಲದ ಮನೆಯಲ್ಲಿ ಕುಳಿತ ವೃದ್ಧರಿಗೆ ಅಲ್ಲ.

ಮುಲಿನ್ ಇದನ್ನು ಕೈಗೆತ್ತಿಕೊಂಡರು. 1999ರಲ್ಲಿ ಸಾರ್ವಜನಿಕರ ಅಭಿಪ್ರಾಯ ಕೇಳುವ ಪತ್ರ ಹೊರಬಂದಿತು. 2000ದಲ್ಲಿ ಕಾನೂನು ಮಾಡುವ ಉದ್ದೇಶ ಪ್ರಕಟವಾಯಿತು. ಆದರೆ ಸಂಸತ್ತಿನ ವೇಳಾಪಟ್ಟಿಯಲ್ಲಿ ಜಾಗ ದೊರೆಯಬೇಕಲ್ಲ! ಅಷ್ಟರಲ್ಲಿ ಮುಲಿನ್ ಆ ಇಲಾಖೆಯಿಂದಲೇ ಹೊರಹೋದರು. ಆ ಇಲಾಖೆಯನ್ನೂ 2001ರಲ್ಲಿ ಒಡೆಯಲಾಯಿತು. ಕೊನೆಗೆ 2003ರ ಸಮಾಜವಿರೋಧಿ ವರ್ತನೆಯ ಶಾಸನದಲ್ಲಿ ಎತ್ತರದ ಬೇಲಿಗಳ ಕುರಿತ ಒಂದು ಭಾಗವನ್ನು ಸೇರಿಸಲಾಯಿತು. ಎರಡು ಮೀಟರಿಗಿಂತ ಎತ್ತರದ ನಿತ್ಯಹಸಿರು ಬೇಲಿಯ ಮೇಲೆ ನೆರೆಯವರು ದೂರು ಕೊಟ್ಟರೆ, ಸ್ಥಳೀಯ ಆಡಳಿತ ಅದನ್ನು ತಗ್ಗಿಸಲು ಆಜ್ಞೆ ಮಾಡಬಹುದು. ಇಂಗ್ಲೆಂಡಿನಲ್ಲಿ ಆ ನಿಯಮ ಜಾರಿಗೆ ಬಂದದ್ದು 2005ರ ಜೂನ್ ತಿಂಗಳಿನಲ್ಲಿ, ಎಂದರೆ ಮುಲಿನ್ ಸರ್ಕಾರದಿಂದ ಹೊರಬಿದ್ದ ಮರುತಿಂಗಳು.

ಒಂದು ಬೇಲಿಗೆ ಆರು ವರ್ಷ ಹಿಡಿದರೂ ಕೆಲಸವಾಯಿತು. ಆದದ್ದಕ್ಕೆ ಮೂರು ಕಾರಣಗಳನ್ನು ಗುರುತಿಸಬಹುದು. ಬೇಡಿಕೆ ಚಿಕ್ಕದಾಗಿತ್ತು, ಖಚಿತವಾಗಿತ್ತು. ಬೊಕ್ಕಸಕ್ಕೆ ಹೆಚ್ಚಿನ ಹೊರೆಯಿರಲಿಲ್ಲ. ಸಚಿವರು ಬದಲಾದರೂ ನೊಂದವರು ದೂರುವುದನ್ನು ನಿಲ್ಲಿಸಲಿಲ್ಲ.

ಕಣ್ಸನ್ನೆಗೆ ತೆತ್ತ ಬೆಲೆ

ಕಿರಿಯ ಸಚಿವರ ಕೈಯಲ್ಲಿ ಅಧಿಕಾರ ಕಡಿಮೆ. ಆದರೆ ಅವರ ಬಾಯಿಂದ ಬರುವ ಮಾತು ಸರ್ಕಾರದ ಮಾತಿನಂತೆಯೇ ಕೇಳಿಸುತ್ತದೆ. ಅಪಾಯವಿರುವುದು ಅಲ್ಲಿ. ಅಲನ್ ಕ್ಲಾರ್ಕ್ 1986ರಿಂದ 1989ರವರೆಗೆ ವಾಣಿಜ್ಯ ಸಚಿವರಾಗಿದ್ದಾಗಿನ ಒಂದು ಪ್ರಸಂಗ ಇದನ್ನು ತೋರಿಸುತ್ತದೆ.

ಇರಾನ್ ಮತ್ತು ಇರಾಕ್ 1980ರಿಂದ ಯುದ್ಧದಲ್ಲಿದ್ದವು. ಯುದ್ಧವನ್ನು ಉಲ್ಬಣಗೊಳಿಸುವ ಸಾಮಗ್ರಿಗಳನ್ನು ಎರಡೂ ದೇಶಗಳಿಗೆ ಮಾರಕೂಡದೆಂದು ಬ್ರಿಟಿಷ್ ಸರ್ಕಾರ ಮಾರ್ಗಸೂಚಿ ಹೊರಡಿಸಿತ್ತು. ಕವೆಂಟ್ರಿಯ ಮೇಟ್ರಿಕ್ಸ್ ಚರ್ಚಿಲ್ ಎಂಬ ಕಂಪನಿ ಯಂತ್ರೋಪಕರಣಗಳನ್ನು, ಎಂದರೆ ಲೇತ್ ಮುಂತಾದವನ್ನು ತಯಾರಿಸುತ್ತಿತ್ತು. ಇರಾಕಿನಿಂದ ದೊಡ್ಡ ಆರ್ಡರುಗಳಿದ್ದವು. ಲೇತ್ ಯಂತ್ರದ ಸ್ವಭಾವ ಪೀಣ್ಯದ ಯಾವ ಉದ್ದಿಮೆದಾರರಿಗೂ ವಿವರಿಸಬೇಕಿಲ್ಲ. ಪಂಪಿನ ಶಾಫ್ಟನ್ನು ಕಡೆಯುವ ಯಂತ್ರವೇ ಫಿರಂಗಿ ಗುಂಡಿನ ಕವಚವನ್ನೂ ಕಡೆಯಬಲ್ಲದು.

1988ರ ಜನವರಿಯಲ್ಲಿ ಯಂತ್ರೋಪಕರಣ ತಯಾರಕರ ಸಂಘದ ನಿಯೋಗವೊಂದು ಕ್ಲಾರ್ಕ್ ಅವರನ್ನು ಭೇಟಿ ಮಾಡಿತು. ರಫ್ತಿನ ಲೈಸೆನ್ಸುಗಳು ಉಳಿಯುತ್ತವೆಯೇ ಎಂಬುದು ಅವರ ಆತಂಕ. ಅರ್ಜಿಗಳಲ್ಲಿ ಶಾಂತಿಯುತ ಬಳಕೆಗೆ ಒತ್ತು ಕೊಡುವುದು ಒಳ್ಳೆಯದೆಂದು ಸಚಿವರು ಸಲಹೆ ಮಾಡಿದರು. ಇದನ್ನು ತಯಾರಕರು ಹಸಿರು ನಿಶಾನೆಯೆಂದು ತಿಳಿದದ್ದು ಸಹಜ. ಅದೇ ವರ್ಷದ ಆಗಸ್ಟ್‌ನಲ್ಲಿ ಯುದ್ಧವಿರಾಮವಾದ ಮೇಲೆ, ವಾಣಿಜ್ಯ, ವಿದೇಶಾಂಗ ಮತ್ತು ರಕ್ಷಣಾ ಇಲಾಖೆಗಳ ಮೂವರು ಕಿರಿಯ ಸಚಿವರು ಸೇರಿ ಮಾರ್ಗಸೂಚಿಯನ್ನು ಸಡಿಲಿಸಿದರು. ಸಂಸತ್ತಿಗೆ ಮಾತ್ರ ತಿಳಿಸಲಿಲ್ಲ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿತು. ಗಾಳಿ ತಿರುಗಿತು. ಸುಂಕದ ಇಲಾಖೆಯವರು ಕಂಪನಿಯ ಮೇಲೆ ತನಿಖೆ ನಡೆಸಿ, ಯಂತ್ರಗಳ ಬಳಕೆಯ ಬಗ್ಗೆ ತಪ್ಪು ಮಾಹಿತಿ ನೀಡಿ ಲೈಸೆನ್ಸ್ ಪಡೆದರೆಂದು ಮೂವರ ಮೇಲೆ ಮೊಕದ್ದಮೆ ಹೂಡಿದರು. ಅವರಲ್ಲಿ ವ್ಯವಸ್ಥಾಪಕ ನಿರ್ದೇಶಕರು ಬ್ರಿಟಿಷ್ ಗುಪ್ತಚರ ಸಂಸ್ಥೆಗೆ ಇರಾಕಿನ ಮಾಹಿತಿಯನ್ನು ಒದಗಿಸುತ್ತಿದ್ದವರು! ಸರ್ಕಾರದ ಒಂದು ಅಂಗಕ್ಕೆ ಗೊತ್ತಿದ್ದು ಒಪ್ಪಿಗೆಯಾಗಿದ್ದ ವ್ಯಾಪಾರ, ಇನ್ನೊಂದು ಅಂಗಕ್ಕೆ ಅಪರಾಧವಾಯಿತು. ಆರೋಪಿಗಳ ರಕ್ಷಣೆಗೆ ಅಗತ್ಯವಾಗಿದ್ದ ಕಡತಗಳನ್ನು ನ್ಯಾಯಾಲಯಕ್ಕೆ ಕೊಡಲಾಗದೆಂದು ಸಚಿವರು ಪ್ರಮಾಣಪತ್ರಗಳಿಗೆ ಸಹಿ ಹಾಕಿದರು. ನ್ಯಾಯಾಧೀಶರು ಒಪ್ಪದೆ ಕಡತಗಳನ್ನು ತರಿಸಿದರು.

1992ರ ನವೆಂಬರ್‌ನಲ್ಲಿ ಕ್ಲಾರ್ಕ್ ಸಾಕ್ಷಿಯಾಗಿ ಬಂದರು. ಆ ಹೊತ್ತಿಗೆ ಅವರು ಸಂಸತ್ತಿನಿಂದ ಹೊರಗಿದ್ದರು. ಪಾಟೀಸವಾಲಿನಲ್ಲಿ, ಸತ್ಯಾಂಶವನ್ನು ಹೇಳುವುದರಲ್ಲಿ ತಾವು ಮಿತವ್ಯಯ ತೋರಿದ್ದಾಗಿ ಅವರು ತಮ್ಮ ಎಂದಿನ ವ್ಯಂಗ್ಯದ ಧಾಟಿಯಲ್ಲಿ ಒಪ್ಪಿಕೊಂಡರು. ಮೊಕದ್ದಮೆ ಅಲ್ಲಿಗೆ ಕುಸಿಯಿತು, ಆರೋಪಿಗಳು ಬಿಡುಗಡೆಯಾದರು. ಆದರೆ ಕಂಪನಿ ಉಳಿಯಲಿಲ್ಲ. ನ್ಯಾಯಮೂರ್ತಿ ರಿಚರ್ಡ್ ಸ್ಕಾಟ್ ಅವರ ವಿಚಾರಣಾ ವರದಿ 1996ರ ಫೆಬ್ರವರಿಯಲ್ಲಿ ಪ್ರಕಟವಾದಾಗ, ಅದರ ಮೇಲಿನ ಮತದಾನದಲ್ಲಿ ಸರ್ಕಾರ ಗೆದ್ದದ್ದು ಒಂದೇ ಒಂದು ಮತದಿಂದ. ಸರ್ಕಾರ ಉಳಿಯಿತು, ಸಚಿವರಾಗಿದ್ದವರು ದಿನಚರಿ ಬರೆದು ಪ್ರಸಿದ್ಧರಾದರು. ನಿಯೋಗದಲ್ಲಿ ಪ್ರತಿನಿಧಿ ಪಡೆದಿದ್ದ ಉದ್ಯಮದವರು ಸೆರೆಮನೆಯ ಬಾಗಿಲವರೆಗೆ ಹೋಗಿ ಬಂದರು.

ನಮ್ಮಲ್ಲಿನ ಸ್ಥಿತಿ

ಕರ್ನಾಟಕದ ವರ್ತಕರಿಗೆ ಈ ಕಥೆ ದೂರದ್ದಲ್ಲ. ನಮ್ಮಲ್ಲಿಯೂ ಸಂಪುಟ ದರ್ಜೆ ಮತ್ತು ರಾಜ್ಯ ಸಚಿವರ ದರ್ಜೆ ಎಂಬ ವಿಂಗಡಣೆ ಇದೆ. ಕೇಂದ್ರದ ರಾಜ್ಯ ಸಚಿವರಿಗೆ ಮುಖ್ಯ ಕಡತಗಳು ಬರುವುದಿಲ್ಲವೆಂಬುದು ಹಳೆಯ ದೂರು. 2003ರ ಸಂವಿಧಾನದ 91ನೆಯ ತಿದ್ದುಪಡಿ ಸಚಿವರ ಸಂಖ್ಯೆಯನ್ನು ಕೆಳಮನೆಯ ಸದಸ್ಯ ಬಲದ ಶೇಕಡ 15ಕ್ಕೆ ಮಿತಿಗೊಳಿಸಿತು. 224 ಸದಸ್ಯರ ಕರ್ನಾಟಕ ವಿಧಾನಸಭೆಯ ಲೆಕ್ಕದಲ್ಲಿ ಮುಖ್ಯಮಂತ್ರಿಗಳೂ ಸೇರಿ 34 ಸಚಿವರು. ಬೆಟ್ಟದ ಬುಡ ಕಿರಿದಾಯಿತು. ಆದರೆ ಯಾರ ಮೇಜಿನಲ್ಲಿ ಯಾವ ಅಧಿಕಾರ ಎಂಬ ಪ್ರಶ್ನೆ ಉಳಿಯಿತು.

ಸಚಿವರು ಮನವಿಯ ಅಂಚಿನಲ್ಲಿ ಬರೆಯುವ ಸಾಲಿಗೆ ಎಷ್ಟು ಬೆಲೆ ಎಂಬುದನ್ನು ಸುಪ್ರೀಂ ಕೋರ್ಟ್ 1962ರಲ್ಲಿಯೇ ಬಚ್ಚಿತ್ತರ್ ಸಿಂಗ್ ಮತ್ತು ಪಂಜಾಬ್ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ತೀರ್ಮಾನಿಸಿದೆ. ವಜಾಗೊಂಡ ನೌಕರರೊಬ್ಬರ ಪರವಾಗಿ ಹಿಂದಿನ ಸಚಿವರು ಕಡತದಲ್ಲಿ ಟಿಪ್ಪಣಿ ಬರೆದಿದ್ದರು. ಮುಂದೆ ಮುಖ್ಯಮಂತ್ರಿಗಳು ಅದಕ್ಕೆ ವಿರುದ್ಧವಾಗಿ ತೀರ್ಮಾನಿಸಿದರು. ಮೊದಲಿನ ಟಿಪ್ಪಣಿಯೇ ಸರ್ಕಾರದ ಆದೇಶವೆಂದು ನೌಕರರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ. ಕಡತದಲ್ಲಿನ ಬರಹ ರಾಜ್ಯಪಾಲರ ಹೆಸರಿನಲ್ಲಿ ಆದೇಶವಾಗಿ ಹೊರಟು, ಸಂಬಂಧಪಟ್ಟವರಿಗೆ ತಲುಪುವವರೆಗೆ ಅದು ಆದೇಶವಲ್ಲ. ಅಲ್ಲಿಯವರೆಗೆ ಸರ್ಕಾರ ತನ್ನ ಮನಸ್ಸನ್ನು ಬದಲಾಯಿಸಬಹುದು. ಕಡತದಲ್ಲಿ ಬರೆದದ್ದರ ಗತಿಯೇ ಹೀಗಾದರೆ, ಬಾಯಲ್ಲಿ ಆಡಿದ್ದರ ಗತಿಯೇನು?

ಆದ್ದರಿಂದ ಈ ಎರಡು ದಿನಚರಿಗಳಿಂದ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಗ್ರಹಿಸಬಹುದಾದ ಕೆಲವು ಸಂಗತಿಗಳನ್ನು ಹೀಗೆ ಹೇಳಬಹುದು.

ಒಂದು: ಮನವಿ ಬರೆಯುವ ಮುನ್ನ ಆ ವಿಷಯವನ್ನು ತೀರ್ಮಾನಿಸುವ ಅಧಿಕಾರ ಯಾರಿಗಿದೆಯೆಂದು ತಿಳಿಯಬೇಕು. ಉದಾಹರಣೆಗೆ, 2002ರ ಕರ್ನಾಟಕ ಕೈಗಾರಿಕಾ ಸೌಲಭ್ಯ ಶಾಸನದಡಿ ಸಣ್ಣ ಯೋಜನೆಗಳಿಗೆ ಅನುಮೋದನೆ ಕೊಡುವುದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿ. ಅಲ್ಲಿ ಮುಗಿಯುವ ಕೆಲಸಕ್ಕಾಗಿ ವಿಧಾನಸೌಧದ ಮೆಟ್ಟಿಲು ಹತ್ತುವುದು ಕಾಲಹರಣ.

ಎರಡು: ಭೇಟಿ ಮುಗಿದ ಮರುದಿನವೇ, ಅಲ್ಲಿ ನಡೆದ ಮಾತನ್ನು ಪತ್ರದ ರೂಪದಲ್ಲಿ ಬರೆದು ಸಚಿವರ ಕಚೇರಿಗೂ ಇಲಾಖೆಯ ಕಾರ್ಯದರ್ಶಿಗಳಿಗೂ ಕಳುಹಿಸಿ, ಸ್ವೀಕೃತಿ ಪಡೆದು ಕಾಪಾಡಬೇಕು. ಕವೆಂಟ್ರಿಯವರನ್ನು ಉಳಿಸಿದ್ದು ಸಚಿವರ ಸಜ್ಜನಿಕೆಯಲ್ಲ, ಕಡತಗಳಲ್ಲಿ ಉಳಿದಿದ್ದ ಕಾಗದಗಳು.

ಮೂರು: ನಿಯಮದ ಅಂಚಿನಲ್ಲಿರುವ ವ್ಯವಹಾರಕ್ಕೆ ಕಣ್ಸನ್ನೆ ಸಾಲದು. ನಮ್ಮ ದೇಶದಲ್ಲಿಯೂ ಎರಡು ಬಗೆಯ ಬಳಕೆಗೆ ಒದಗುವ ಕೆಲವು ನಿಖರ ಯಂತ್ರೋಪಕರಣಗಳು ರಫ್ತು ನಿಯಂತ್ರಣದ ಸ್ಕೋಮೆಟ್ ಪಟ್ಟಿಯಲ್ಲಿವೆ. ಅಂತಹ ಸರಕನ್ನು ಕಳುಹಿಸುವವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಲಿಖಿತ ಅನುಮತಿಯನ್ನೂ, ಕೊಳ್ಳುವವರಿಂದ ಅಂತಿಮ ಬಳಕೆಯ ಪ್ರಮಾಣಪತ್ರವನ್ನೂ ಪಡೆಯದೆ ಒಂದು ಪೆಟ್ಟಿಗೆಯನ್ನೂ ಹಡಗಿಗೆ ಏರಿಸಕೂಡದು.

ನಾಲ್ಕು: ಕೇಳುವುದು ಒಂದನ್ನು, ಖಚಿತವಾಗಿ. ಹದಿನೇಳು ಬೇಡಿಕೆಗಳ ಮನವಿಗೆ ಹದಿನೇಳು ಇಲಾಖೆಗಳ ಅಭಿಪ್ರಾಯ ಬೇಕಾಗುತ್ತದೆ. ಸರಕು ಪಡೆದು ಹಣ ಕೊಡದ ದೊಡ್ಡ ಕೊಳ್ಳುಗರ ವಿಷಯದಲ್ಲಿ ಸಣ್ಣ ಉದ್ದಿಮೆದಾರರಿಗೆ ಬಲ ಬಂದದ್ದು ಭರವಸೆಗಳಿಂದಲ್ಲ. ಗರಿಷ್ಠ 45 ದಿನಗಳ ಗಡುವನ್ನೂ ತಪ್ಪಿದರೆ ಚಕ್ರಬಡ್ಡಿಯನ್ನೂ ವಿಧಿಸಿದ 2006ರ ಶಾಸನದಿಂದ.

ಐದು: ಸಚಿವರು ಬದಲಾದ ದಿನ ಮನವಿಯೂ ಹೊಸದಾಗಿ ಹುಟ್ಟಬೇಕು. ಹಳೆಯ ಪತ್ರದ ಪ್ರತಿ, ಸ್ವೀಕೃತಿಯ ಸಂಖ್ಯೆ, ಕಡತವಿರುವ ಶಾಖೆಯ ಹೆಸರು ಇವುಗಳೊಂದಿಗೆ ಹೊಸಬರನ್ನು ಕಾಣಬೇಕು.

ಇಷ್ಟು ಹೇಳಿದ ಮೇಲೆ ಕಿರಿಯ ಸಚಿವರನ್ನು ಕಡೆಗಣಿಸಬೇಕೆಂದು ಅರ್ಥವಲ್ಲ. ಅವರಿಗೂ ಮಾಡಿ ತೋರಿಸುವ ಹಂಬಲವಿರುತ್ತದೆ. ತಮ್ಮ ಕೈಗೆ ನಿಲುಕುವ ಒಂದು ಕೆಲಸಕ್ಕಾಗಿ ಅವರೂ ಹುಡುಕುತ್ತಿರುತ್ತಾರೆ. ಮುಲಿನ್ ಅವರಿಗೆ ಒಂದು ಬೇಲಿ ಸಿಕ್ಕಿತು. ವಿಧಾನಸೌಧದ ಹಣೆಯ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಲಾಗಿದೆ. ಆ ಕೆಲಸದಲ್ಲಿ ಯಾವ ಪಾಲು ಯಾರ ಮೇಜಿಗೆ ಬರುತ್ತದೆಯೆಂದು ತಿಳಿದು, ನಿಲುಕುವಂತಹ ಒಂದು ಬೇಲಿಯನ್ನು ತೋರಿಸಿ, ಅದು ತಗ್ಗುವವರೆಗೆ ಬೆನ್ನು ಹತ್ತುವುದು ನಿಯೋಗದವರ ಕೆಲಸ. ಛಾಯಾಚಿತ್ರವನ್ನು ಆಮೇಲೆ ತೆಗೆಸಿಕೊಳ್ಳಬಹುದು.